ಏರು ಹತ್ತಬೇಕು, ಗೆರೆಯೊಳಗೆ ನಿಲ್ಲಬೇಕು

(ಒಬ್ಬರು ಬೀದರ್ ನಗರದಲ್ಲಿ ಬ್ಯಾಟರಿ ರಿಕ್ಷಾ ರಿಪೇರಿ ಮಾಡುವ ಮಿಸ್ತ್ರಿ. ಇನ್ನೊಬ್ಬರು ಔರಾದಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಶಿಕ್ಷಕಿ, ತವರು ಭಾಲ್ಕಿ. ಮಾತು ಶಿಕ್ಷಕಿಯ ಹತ್ತು ವರ್ಷದ ಮಗಳ ಬ್ಯಾಟರಿ ಗೋ-ಕಾರ್ಟ್ ಕುರಿತು.)

ಶಿಕ್ಷಕಿ: ಅಣ್ಣಾ, ಈ ಗಾಡಿಗಿ ಜೋರು ಸಾಲವಲ್ದು. ಈಗ 24 ವೋಲ್ಟ್ ಅದ. ಇನ್ನೊಂದು 12 ವೋಲ್ಟ್ ಬ್ಯಾಟರಿ ಕೂಡ್ಸಿ 36 ಮಾಡ್ರಿ, ಹಾರ್ತದ ಅಂತ ಎಲ್ಲಾರೂ ಹೇಳ್ಲಾಕತ್ತಾರ. ಮಾಡಿ ಕೊಡ್ತೀರೇನು?

ಮಿಸ್ತ್ರಿ: ವೈರ್ ಕೂಡ್ಸೋದು ಹತ್ತು ನಿಮಿಷದ ಕೆಲಸ, ಅಕ್ಕಾವ್ರೆ. ಅಷ್ಟು ಸಲೀಸು ಇರೋದಕ್ಕೇ ಮೊದ್ಲು ಕೇಳ್ತೀನಿ. ನಿಮಗ ಓಟ ಬೇಕೋ, ಎಳೆತ ಬೇಕೋ?

ಶಿಕ್ಷಕಿ: ಭಾಲ್ಕ್ಯಾಗ ನಮ್ಮ ಅಪ್ಪನ ಕಣದ ಮ್ಯಾಲ ಚಲೋ ಓಡ್ತದ. ಸಪಾಟು ನೆಲ, ಕಪ್ಪು ಮಣ್ಣು ಒಣಗಿ ಗಟ್ಟಿ ಆಗ್ಯದ. ಔರಾದಕ್ಕ ತಂದ್ರ ಹೊಲದ ದಾರಿ ಏರು. ಅರ್ಧಕ್ಕ ಹೋಗಿ ಉಸಿರು ಬಿಡ್ತದ. ಮಗಳು ಇಳಿದು ತಳ್ಳತಾಳ.

ಮಿಸ್ತ್ರಿ: ಹಂಗಾದ್ರ ನಿಮಗ ಬೇಕಾಗಿದ್ದು ಎಳೆತ. 36 ವೋಲ್ಟ್ ಹಾಕಿದ್ರ ಮುಖ್ಯವಾಗಿ ಬರೋದು ಓಟ. ಈ ಮೋಟಾರ್ ಬ್ರಶ್ ಮೋಟಾರ್, 250 ವ್ಯಾಟ್. 24 ವೋಲ್ಟ್ ಕೊಟ್ರ ಲೋಡಿನಾಗ ನಿಮಿಷಕ್ಕ ಹತ್ತಿರ ಹತ್ತಿರ 2,700 ಸುತ್ತು ತಿರುಗ್ತದ. ಮೋಟಾರಿನ ಗಾಲಿ ಪಲ್ಲು 11, ಆಕ್ಸಲ್ ಮ್ಯಾಲಿನ ಸ್ಪ್ರಾಕೆಟ್ ಪಲ್ಲು 55. ಚಕ್ರ 10 ಇಂಚಿಂದು. ಲೆಕ್ಕ ನಿಮ್ಮದು, ನೀವೇ ಹಾಕ್ರಿ.

ಶಿಕ್ಷಕಿ: 55 ಭಾಗಿಸು 11, ಐದು. ಮೋಟಾರ್ ಐದು ಸುತ್ತಿದ್ರ ಚಕ್ರ ಒಂದು ಸುತ್ತು. ನಿಮಿಷಕ್ಕ 540 ಸುತ್ತು. 10 ಇಂಚಿನ ಚಕ್ರದ ಸುತ್ತಳತಿ 80 ಸೆಂಟಿಮೀಟರಿಗಿ ಕೂದಲೆಳೆ ಕಡಿಮಿ. ನಿಮಿಷಕ್ಕ 431 ಮೀಟರ್, ತಾಸಿಗಿ 26 ಕಿಲೋಮೀಟರ್.

ಮಿಸ್ತ್ರಿ: ಈಗ 36 ವೋಲ್ಟ್ ಕೊಡ್ರಿ. ಬ್ರಶ್ ಮೋಟಾರಿನ ಸುತ್ತು ವೋಲ್ಟಿನ ಸಂಗಡ ಏರ್ತದ.

ಶಿಕ್ಷಕಿ: ಒಂದೂವರೆ ಪಟ್ಟು. ತಾಸಿಗಿ 39 ಕಿಲೋಮೀಟರ್!

ಮಿಸ್ತ್ರಿ: ನೆಲಕ್ಕ ಗೇಣು ಎತ್ತರದಾಗ ಕುಂತ ಹತ್ತು ವರ್ಷದ ಹುಡುಗಿಗಿ 39. ಗಾಳಿ, ಮಣ್ಣು ತಡೀತಾವ, ಅಷ್ಟು ಪೂರಾ ಬರಲ್ಲ ಅಂತ ಇಟ್ಕೊಂಡ್ರೂ ಭಾಳ ಆಯ್ತು. ಮ್ಯಾಲ ಏರಿನ ತೊಂದ್ರಿ ಹಂಗೇ ಉಳೀತದ. ಏರಿನಾಗ ಸಿಕ್ಕಿ ನಿಂತ ಮೋಟಾರಿಗಿ ಒಂದೂವರೆ ಪಟ್ಟು ವೋಲ್ಟ್ ಹೋದ್ರ ಕರೆಂಟೂ ಒಂದೂವರೆ ಪಟ್ಟು. ಬಿಸಿ ಕರೆಂಟಿನ ವರ್ಗದಂಗ ಏರ್ತದ, ಅಂದ್ರ ಎರಡೂಕಾಲು ಪಟ್ಟು. ವೈಂಡಿಂಗಿನ ವಾರ್ನಿಶ್ ಸುಟ್ಟ ವಾಸನಿ ನನ್ನ ಅಂಗಡ್ಯಾಗ ದಿನಾ ಬರ್ತದ. ಕಂಟ್ರೋಲರ್ ಒಳಗ ಕೆಪಾಸಿಟರ್ ಇರ್ತಾವ, ಅವಕ್ಕ ವೋಲ್ಟಿನ ಮಿತಿ ಅದ. 36 ವೋಲ್ಟಿನ ಲಿಥಿಯಂ ಪ್ಯಾಕ್ ತುಂಬಿದಾಗ 42ಕ್ಕ ಹೋಗ್ತದ. 24ಕ್ಕ ಮಾಡಿದ ಕಂಟ್ರೋಲರ್ ಅಷ್ಟು ತಡ್ಕೊಳ್ತದ ಅಂತ ಭರೋಸ ಇಲ್ಲ, ಕೆಪಾಸಿಟರ್ ಊದಿ ಒಡೀಬಹುದು.

ಶಿಕ್ಷಕಿ: ಹಂಗಂತ ಇದ್ದದ್ದರಾಗೇ ಸುಮ್ಮನಿರು ಅಂತ ಮಗಳಿಗಿ ಹೇಳ್ಲಾಕ ನನಗ ಮನಸ್ಸಿಲ್ಲ, ಅಣ್ಣಾ. ಅದು ಬರೀ ಆಸಿ ಮಾತಲ್ಲ. ಗಾಡಿ ಏರಿನ ನಡುವ ನಿಂತಾಗ ಹಿಂದಕ್ಕ ಜಾರ್ತದ. ಕುಂತಾಕಿಗಿ ಹಿಂದ ಕಾಣಲ್ಲ. ಜೋರು ಇಲ್ಲದ ಗಾಡಿನೂ ಅಪಾಯವೇ.

ಮಿಸ್ತ್ರಿ: ಈ ಮಾತು ನೂರಕ್ಕ ನೂರು ಖರೆ. ಇಲ್ಲಿಗಿ ಬರೋ ಅಪ್ಪಂದಿರು ಎರಡೇ ಥರ. ಒಬ್ಬರಿಗಿ ರಾಕೆಟ್ ಬೇಕು, ಇನ್ನೊಬ್ಬರಿಗಿ ಗಾಡಿ ಮೂಲಿಗಿ ನಿಂತ್ರ ಸಾಕು. ಏರು ಹತ್ತೋ ತಾಕತ್ತು ಇದ್ದ ಗಾಡಿ ಮಕ್ಕಳ ಮಾತು ಕೇಳ್ತದ. ಅದಕ್ಕ ತಾಕತ್ತು ಕೊಡೋಣ. ಎಷ್ಟು, ಎಲ್ಲಿಂದ, ಯಾವ ಕೆಲಸದ ಹಿಂದ ಯಾವ ಕೆಲಸ, ಅದನ್ನ ಕುಂತು ಲೆಕ್ಕ ಮಾಡೋಣ. ಏರು ಎಷ್ಟದ? ಅಳದೀರೇನು?

ಶಿಕ್ಷಕಿ: ಮನಿ ಕಟ್ಟೋರು ನೀರಿನ ಪೈಪಿನಾಗ ಲೆವೆಲ್ ನೋಡ್ತಾರಲ್ಲ, ಹಂಗೇ ನೋಡೀವಿ. 12 ಅಡಿ ಮುಂದ ಹೋದ್ರ 1 ಅಡಿ ಮ್ಯಾಲ. ಮಗಳು 32 ಕೆಜಿ, ಗಾಡಿ 43. ಕೂಡ್ಸಿದ್ರ 75.

ಮಿಸ್ತ್ರಿ: 75ನ್ನ 12ರಿಂದ ಭಾಗಿಸಿದ್ರ ಆರೂಕಾಲು ಕೆಜಿ. ಏರು ಗಾಡಿನ್ನ ಹಿಂದಕ್ಕ ಅಷ್ಟು ಎಳೀತದ. ಮಣ್ಣಿನ ದಾರಿ ಚಕ್ರ ಹಿಡಿಯೋದು ಇನ್ನೊಂದು 3 ಕೆಜಿ ಇಡ್ರಿ. ಒಂಬತ್ತೂಕಾಲು ಕೆಜಿ ಎಳೆತ ಬೇಕು. ಈಗ ಮೋಟಾರ್ ಏನು ಕೊಡ್ತದ ನೋಡ್ರಿ. 250 ವ್ಯಾಟ್, 2,700 ಸುತ್ತು ಅಂದ್ರ ಶಾಫ್ಟಿನ ಮ್ಯಾಲ ಟಾರ್ಕ್ 0.88 ನ್ಯೂಟನ್ ಮೀಟರ್. ಚೈನಿನಾಗ ಐದು ಪಟ್ಟು ಆಗಿ 4.4. ಚಕ್ರದ ಅರ್ಧ ಅಡ್ಡಳತಿ 12.7 ಸೆಂಟಿಮೀಟರ್.

ಶಿಕ್ಷಕಿ: 35 ನ್ಯೂಟನ್. ಮೂರೂವರೆ ಕೆಜಿ ಎಳೆತ. ಬೇಕಾಗಿದ್ದು ಒಂಬತ್ತೂಕಾಲು. ನಿಲ್ಲದೆ ಏನು ಮಾಡ್ತದ ಪಾಪ!

ಮಿಸ್ತ್ರಿ: ಆ ಮೂರೂವರೆ ಅಂದ್ರ ಮೋಟಾರ್ ದಣಿಯದಂಗ ದಿನಪೂರ್ತಿ ಕೊಡೋ ಎಳೆತ. ಜರಾ ಹೊತ್ತು ಎರಡು ಪಟ್ಟು ಕೊಟ್ಟೀತು. ಎರಡೂವರೆ ಪಟ್ಟಿಗಿಂತ ಜಾಸ್ತಿ ಕೇಳಿದ್ರ ಕರೆಂಟ್ 35 ಆಂಪಿಯರಿಗಿ ಹೋಗ್ತದ. ಕಂಟ್ರೋಲರ್ ಅದಕ್ಕಿಂತ ಮೊದ್ಲೇ ತಡೀತದ, ಗಾಡಿ ನಿಲ್ತದ. ಈಗ ಕೈ ಹಾಕ್ಬೇಕಾದ್ದು ಸ್ಪ್ರಾಕೆಟ್ಟಿಗಿ. 55 ಪಲ್ಲಿಂದು ತೆಗೆದು 80 ಪಲ್ಲಿಂದು ಹಾಕ್ರಿ.

ಶಿಕ್ಷಕಿ: 80 ಭಾಗಿಸು 11, ಏಳೂಕಾಲು. ಓಟ ತಾಸಿಗಿ 18 ಕಿಲೋಮೀಟರಿಗಿ ಇಳೀತದ, ಎಳೆತ 5 ಕೆಜಿ ದಾಟ್ತದ. ಮೋಟಾರ್ ಅದೇ, ಬ್ಯಾಟರಿ ಅದೇ!

ಮಿಸ್ತ್ರಿ: ಕಬ್ಬಿಣದ ಒಂದು ಚಕ್ಕಿ, ಜರಾ ಉದ್ದ ಚೈನ್, ಅಷ್ಟರಾಗ ಆಯ್ತು. ಅದರ ಮ್ಯಾಲ ಮೋಟಾರ್ 350 ವ್ಯಾಟಿಂದು ಹಾಕಿದ್ರ ದಣಿಯದ ಎಳೆತ 7 ಕೆಜಿ ಆಗ್ತದ. ಏರಿಗಿ ಬೇಕಾದ ಒಂಬತ್ತೂಕಾಲು ಅದರ ಒಂದೂಕಾಲು ಪಟ್ಟಿಗಿ ಜರಾ ಜಾಸ್ತಿ ಅಷ್ಟೇ. 25 ಆಂಪಿಯರಿನಾಗ ಮುಗೀತದ. ನಿಮ್ಮ ಏರು ದಾಟ್ಲಾಕ ಅರ್ಧ ನಿಮಿಷ ಬೇಕಾದೀತು, ಅಷ್ಟು ಹೊತ್ತು ಮೋಟಾರ್ ಸುಖವಾಗಿ ತಡ್ಕೊಳ್ತದ. ವೋಲ್ಟ್ 24ರಾಗೇ ಇರ್ಲಿ.

ಶಿಕ್ಷಕಿ: 80 ಪಲ್ಲಿನ ಚಕ್ಕಿ ನೆಲಕ್ಕ ತಾಗಲ್ಲೇನು?

ಮಿಸ್ತ್ರಿ: ಬರಾಬರ್ ಕೇಳಿದ್ರಿ. ಈ ಚೈನಿನ ಒಂದು ಕಡಿ 6.35 ಮಿಲಿಮೀಟರ್. 80 ಪಲ್ಲಿನ ಚಕ್ಕಿ ಸುಮಾರು 16 ಸೆಂಟಿಮೀಟರ್ ಅಡ್ಡ ಇರ್ತದ. ನೆಲಕ್ಕೂ ಅದಕ್ಕೂ ನಾಲ್ಕು ಸೆಂಟಿಮೀಟರಿಗಿ ಜರಾ ಜಾಸ್ತಿ ಸಂದು ಉಳೀತದ. ಕಣದ ಮ್ಯಾಲ ತೊಂದ್ರಿ ಇಲ್ಲ. ಹೊಲದ ದಾರ್ಯಾಗ ಕಲ್ಲು ಬಡೀತದ, ಅದಕ್ಕ ಕೆಳಗಿಂದ ಲೋಹದ ತಟ್ಟಿ ವೆಲ್ಡ್ ಮಾಡ್ತೀನಿ. ಮಳಿ ಬಂದ ಮ್ಯಾಲ ಎರಡು ದಿನ ಕಪ್ಪು ಮಣ್ಣಿನಾಗ ಇಳಿಸ್ಲಾಕ ಹೋಗ್ಬ್ಯಾಡ್ರಿ. ಆ ಮಣ್ಣು ಚೈನಿನಾಗ ಮೆತ್ಕೊಂಡು ಕಡಿ ಕಡಿ ಬಿಗೀತದ. ಬೀದರ್ ಕಡಿ ಕೆಂಪು ಮುರುಮು ನೀರು ಹಿಡಿಯಲ್ಲ, ಮೆತ್ಕೊಳ್ಳೋದೂ ಕಡಿಮಿ. ಆದ್ರ ಹರಳು ಜಾಸ್ತಿ, ಬ್ರೇಕ್ ಹಿಡದ್ರ ಚಕ್ರ ಜಾರ್ತದ. ಒಂದೇ ಗಾಡಿ, ಮೂರು ಊರಿನಾಗ ಮೂರು ಥರ ನಡೀತದ.

ಶಿಕ್ಷಕಿ: ಹಂಗಾದ್ರ ಇವತ್ತು ಸ್ಪ್ರಾಕೆಟ್ ಬದಲಿ ಮಾಡಿ, ನಾಳಿಗಿ ಮೋಟಾರ್?

ಮಿಸ್ತ್ರಿ: ಅದಕ್ಕಿಂತ ಮೊದ್ಲು ಬ್ರೇಕ್. ಈಗ ಇರೋದು ಆಕ್ಸಲ್ ಮ್ಯಾಲ ಒಂದು ಬ್ಯಾಂಡ್ ಬ್ರೇಕ್, ಪಟ್ಟಿ ಡ್ರಮ್ಮಿಗಿ ಸುತ್ಕೊಂಡು ಹಿಡಿಯೋದು. ಮುಂದಕ್ಕ ಹೋಗುವಾಗ ಚಲೋ ಹಿಡೀತದ, ಹಿಂದಕ್ಕ ಜಾರುವಾಗ ಸಡಿಲು ಬಿಡ್ತದ. ನಿಮ್ಮ ತೊಂದ್ರಿನೇ ಏರಿನಾಗ ಹಿಂದಕ್ಕ ಜಾರೋದು. ಅಲ್ಲಿ ಡಿಸ್ಕ್ ಬ್ರೇಕ್ ಬೇಕು. ಎರಡೂ ಕಡಿ ಒಂದೇ ಸಮ ಹಿಡೀತದ.

ಶಿಕ್ಷಕಿ: ನಿಲ್ಲೋ ದೂರದ ಲೆಕ್ಕ ನಾನು ಹೇಳ್ತೀನಿ, ಇದು ನಮ್ಮ ಪಾಠದ್ದೇ. ಗಟ್ಟಿ ಮಣ್ಣಿನ ಮ್ಯಾಲ ಹಿಂದಿನ ಬ್ರೇಕ್ ಸೆಕೆಂಡಿಗಿ 3 ಮೀಟರಿನಂಗ ವೇಗ ಇಳಸ್ತದ ಅಂತ ಹಿಡೀರಿ. ಮಗಳು ನೋಡಿ, ತಿಳ್ಕೊಂಡು, ಕಾಲು ಒತ್ತೋತನಕ ಒಂದು ಸೆಕೆಂಡ್. ತಾಸಿಗಿ 10 ಕಿಲೋಮೀಟರ್ ಇದ್ರ ಒಟ್ಟು 4 ಮೀಟರ್. 18 ಇದ್ರ 9 ಮೀಟರ್ ದಾಟ್ತದ. 30 ಇದ್ರ 20 ಮೀಟರ್. ಮೂರು ಪಟ್ಟು ವೇಗಕ್ಕ ಐದು ಪಟ್ಟು ದೂರ. ನಮ್ಮಪ್ಪನ ಕಣ ಇರೋದೇ 20 ಮೀಟರ್, ಆಚೆ ಬಾವಿ ಕಟ್ಟಿ.

ಮಿಸ್ತ್ರಿ: ಗಾಡಿಗಿ ಎಷ್ಟು ಓಟ ಇರ್ಬೇಕು ಅಂತ ಆ ಕಣನೇ ಹೇಳ್ತದ. ನಮ್ಮ ಆಸಿಗಿ ಅಲ್ಲಿ ಕೆಲಸ ಇಲ್ಲ.

ಶಿಕ್ಷಕಿ: ತಿರುವಿನಾಗ? ಅಲ್ಲಿ ಅಕಿ ಸ್ಟೇರಿಂಗ್ ತಿರುಗಿಸಿದ್ರೂ ಗಾಡಿ ಜರಾ ಹೊತ್ತು ನೆಟ್ಟಗೇ ಹೋಗ್ತದ.

ಮಿಸ್ತ್ರಿ: ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲಿಗಿ ಬಿಗಿದಾವ, ಅದಕ್ಕ. ಕಾರಿನಾಗ ಡಿಫರೆನ್ಶಿಯಲ್ ಇರ್ತದ, ಒಳಗಿನ ಚಕ್ರ ನಿಧಾನ, ಹೊರಗಿನದು ಜೋರು ತಿರುಗ್ಲಾಕ ಬಿಡ್ತದ. ಕಾರ್ಟಿನಾಗ ಅದು ಇಲ್ಲ. ನಿಮ್ಮ ಗಾಡಿ ಚಕ್ರಗಳ ನಡುವ 70 ಸೆಂಟಿಮೀಟರ್ ಅದ.

ಶಿಕ್ಷಕಿ: ಒಂದು ಪೂರಾ ಸುತ್ತಿಗಿ ಹೊರಗಿನ ಚಕ್ರ ಒಳಗಿನದಕ್ಕಿಂತ 4.4 ಮೀಟರ್ ಜಾಸ್ತಿ ಓಡ್ಬೇಕು. ಸುತ್ತು ದೊಡ್ಡದಿರ್ಲಿ ಸಣ್ಣದಿರ್ಲಿ, ಅಷ್ಟೇ. ಆಕ್ಸಲ್ ಬಿಡಲ್ಲ ಅಂದ್ರ ಒಂದು ಚಕ್ರ ಉಜ್ಕೊಂಡೇ ಹೋಗ್ಬೇಕು.

ಮಿಸ್ತ್ರಿ: ಹೌದ್ರಿ. ರೇಸಿನ ಕಾರ್ಟಿನಾಗ ಮುಂದಿನ ಚಕ್ರದ ಬಾಗು ಹೆಂಗ ಇಡ್ತಾರಂದ್ರ, ಸ್ಟೇರಿಂಗ್ ತಿರುಗಿಸಿದ ಕೂಡ್ಲೇ ಹಿಂದಿನ ಒಳಗಿನ ಚಕ್ರ ನೆಲ ಬಿಟ್ಟು ಹಗುರ ಆಗ್ತದ, ಗಾಡಿ ತಿರುಗ್ತದ. ಮಕ್ಕಳ ಗಾಡ್ಯಾಗ ಅಷ್ಟು ಬ್ಯಾಡ. ಟೈ ರಾಡಿನ ಕೊನಿ ಸವದು ಆಟ ಬಂದದ, ಅದು ಬದಲಿ ಆಗ್ಬೇಕು. ತಿರುವಿನಾಗ ಒಳಗಿನ ಮುಂಚಕ್ರ ಹೊರಗಿನದಕ್ಕಿಂತ ಜಾಸ್ತಿ ಬಾಗ್ಬೇಕು, ಆ ಕೋನ ಸರಿ ಮಾಡ್ತೀನಿ. ಬ್ಯಾಟರಿ ಈಗ ಸೀಟಿನ ಹಿಂದ ಆಕ್ಸಲಿಂದ ಆಚೆ ಕುಂತದ. ಏರು ಹತ್ತುವಾಗ ತೂಕ ಪೂರಾ ಹಿಂದಕ್ಕ ಬಿದ್ದು ಮುಂದಿನ ಚಕ್ರ ನೆಲ ಹಿಡಿಯಲ್ಲ. ಅದನ್ನ ಸೀಟಿನ ಪಕ್ಕಕ್ಕ, ಕೆಳಗ, ಆಕ್ಸಲಿನ ಮುಂದ ತರ್ತೀನಿ. ಮೋಟಾರ್ ಮುಟ್ಟದೆ ಗಾಡಿ ಅರ್ಧ ಸುಧಾರಿಸ್ತದ.

ಶಿಕ್ಷಕಿ: ತಿರುವಿನ ಲೆಕ್ಕನೂ ಮಗಳಿಗಿ ತೋರಿಸ್ಬೇಕು. 3 ಮೀಟರಿನ ತಿರುವು ತಾಸಿಗಿ 10 ಕಿಲೋಮೀಟರಿನಾಗ ತೊಗೊಂಡ್ರ ಪಕ್ಕದ ಎಳೆತ ತನ್ನ ತೂಕದ ಕಾಲು ಭಾಗ. 18ರಾಗ ತೊಗೊಂಡ್ರ ಶೇ. 85. ಬಗಲಾಗ ಕುಂತು ಯಾರೋ ತಳ್ಳಿದಂಗ.

ಮಿಸ್ತ್ರಿ: ಅದಕ್ಕ ಸೀಟಿಗಿ ಬಗಲು ಆಸರ ಬೇಕು, ಕೈ ಸ್ಟೇರಿಂಗ್ ಹಿಡ್ಕೊಂಡು ಜೋತು ಬೀಳ್ಬಾರ್ದು. ಕೈ ಇರೋದು ತಿರುಗಿಸ್ಲಾಕ.

ಶಿಕ್ಷಕಿ: ಕಂಟ್ರೋಲರ್? ಈಗಿಂದು ಕಾಲು ಒತ್ತಿದ ಕೂಡ್ಲೇ ಜಿಗೀತದ. ಕುತ್ತಿಗಿ ಹಿಂದಕ್ಕ ಬಡೀತದ.

ಮಿಸ್ತ್ರಿ: ಎಕ್ಸಲರೇಟರಿನಾಗ ಹಾಲ್ ಸೆನ್ಸರ್ ಅಂತ ಒಂದು ಸಣ್ಣ ಚಿಪ್ ಇರ್ತದ. 5 ವೋಲ್ಟ್ ಒಳಗ ಹೋಗ್ತದ, ಪೆಡಲ್ ಬಿಟ್ಟಾಗ ಹತ್ತಿರ ಹತ್ತಿರ 0.8, ಪೂರಾ ಒತ್ತಿದಾಗ 4ರ ಆಸುಪಾಸು ಹೊರಗ ಬರ್ತದ. ಕಂಟ್ರೋಲರ್ ಅದನ್ನ ಓದಿ ಮೋಟಾರಿಗಿ ಕರೆಂಟ್ ಬಿಡ್ತದ. ಮೆಲ್ಲಗ ಏರೋ ಕಂಟ್ರೋಲರ್ ಸಿಗ್ತಾವ, ಅವು ಎರಡು ಸೆಕೆಂಡ್ ತೊಗೊಂಡು ಪೂರಾ ಜೋರು ಕೊಡ್ತಾವ. ಅದರಾಗ ಮೂರು ಸ್ಪೀಡಿನ ಸ್ವಿಚ್ ಇರೋದು ನೋಡಿ ಹಾಕೋಣ. ಆ ಸ್ವಿಚ್ ಹುಡುಗಿ ಕೈಗಿ ಸಿಗ್ಬಾರ್ದು, ಸೀಟಿನ ಕೆಳಗ ಕೀಲಿ ಹಾಕಿದ ಡಬ್ಬ್ಯಾಗ ಇರ್ಲಿ. ಸಪಾಟು ಕಣದ ಮ್ಯಾಲ ಒಂದನೇದು, ಏರಿನಾಗ ಎರಡನೇದು. ಒಂದು ಅಪಾಯದ ಮಾತು ಹೇಳ್ತೀನಿ, ಲಕ್ಷ್ಯ ಕೊಟ್ಟು ಕೇಳ್ರಿ. ಆ ಸೆನ್ಸರಿನ ಕಪ್ಪು ವೈರ್, ನೆಗೆಟಿವ್, ಕಡ್ಕೊಂಡ್ರ ಸಿಗ್ನಲ್ ಮ್ಯಾಲಕ್ಕ ಹೋಗ್ತದ. ಕಾಲು ತೆಗೆದ್ರೂ ಗಾಡಿ ಪೂರಾ ಜೋರಿನಾಗ ಓಡ್ತದ. ಚಲೋ ಕಂಟ್ರೋಲರ್ ಇದನ್ನ ಗುರ್ತಿಸಿ ಬಂದ್ ಮಾಡ್ತದ, ಅಗ್ಗದವು ಮಾಡಲ್ಲ.

ಶಿಕ್ಷಕಿ: ಆವಾಗ ಅಕಿ ಏನು ಮಾಡ್ಬೇಕು?

ಮಿಸ್ತ್ರಿ: ಮೂರು ಕಡಿಯಿಂದ ಗಾಡಿ ಬಂದ್ ಆಗ್ಬೇಕು. ಒಂದು, ಬ್ರೇಕ್ ಪೆಡಲಿನಾಗೇ ಸ್ವಿಚ್. ಬ್ರೇಕ್ ಮುಟ್ಟಿದ್ರ ಮೋಟಾರಿಗಿ ಕರೆಂಟ್ ಹೋಗ್ಬಾರ್ದು. ಎರಡು, ಸ್ಟೇರಿಂಗ್ ಬಗಲಾಗ ಕೆಂಪು ಬಟನ್, ಬಡದ್ರ ಬ್ಯಾಟರಿ ಲೈನೇ ಕಡೀಬೇಕು. ಮೂರು, ನಿಮ್ಮ ಕೈಯಾಗ ರಿಮೋಟ್. ನಮ್ಮ ಊರಿನ ವಿಮಾನ ನೋಡೀರಲ್ಲ? 2008ರಾಗ ಹಾಕ್ ತರಬೇತಿ ವಿಮಾನ ಬೀದರ್ ಕೇಂದ್ರದಾಗ ವಾಯುಪಡೆಗಿ ಸೇರಿದ್ವು. ಕಲಿಯೋ ಪೈಲಟ್ ಮುಂದ ಕೂಡ್ತಾನ, ಕಲಿಸೋರು ಹಿಂದ. ಎರಡೂ ಸೀಟಿಗಿ ಕಡ್ಡಿ, ಪೆಡಲ್ ಇರ್ತಾವ. ಹಿಂದಿನವರು ಬೇಕಂದಾಗ ವಿಮಾನ ತಮ್ಮ ಕೈಗಿ ತೊಗೊಳ್ತಾರ. ಆ ಹಿಂದಿನ ಸೀಟು ನಿಮ್ಮದು.

ಶಿಕ್ಷಕಿ: ವಾಯುಪಡೆಯ ಸೂರ್ಯಕಿರಣ್ ತಂಡ ಬೀದರ್ ಆಕಾಶದಾಗ ಅಭ್ಯಾಸ ಮಾಡುವಾಗ ಮಗಳು ಊಟ ಬಿಟ್ಟು ನೋಡ್ತಾಳ. ಅವರಿಗೂ ಕಲಿಸೋರು ಇದ್ದರು ಅಂದ್ರ ರಿಮೋಟಿಗಿ ಅಕಿ ಸಿಟ್ಟಾಗಲ್ಲ. ಆದ್ರ ಏರಿನ ನಡುವ ನಾನು ರಿಮೋಟ್ ಒತ್ತಿದ್ರ ಗಾಡಿ ಮತ್ತ ಹಿಂದಕ್ಕ ಬರ್ತದಲ್ಲ?

ಮಿಸ್ತ್ರಿ: ಬರ್ತದ. ಕರೆಂಟ್ ಕಡಿಯೋದು ಗಾಡಿ ನಿಲ್ಲಿಸಿದಂಗ ಆಗಲ್ಲ. ನಿಲ್ಲಿಸೋದು ಬ್ರೇಕ್ ಒಂದೇ. ಅದಕ್ಕೇ ಡಿಸ್ಕ್ ಅಂದೆ, ಅದಕ್ಕ ಕೈ ಬ್ರೇಕಿನ ಲಾಕ್ ಕೂಡ್ಸ್ತೀನಿ. ಇನ್ನೊಂದು, ರಿಮೋಟಿನ ಸೆಲ್ ಸತ್ರ, ಸಿಗ್ನಲ್ ಹೋದ್ರ, ಗಾಡಿ ತಾನೇ ಬಂದ್ ಆಗೋ ಹಂಗ ರಿಲೇ ಜೋಡಿಸ್ಬೇಕು. ಸಿಗ್ನಲ್ ಇದ್ರ ಮಾತ್ರ ಓಡ್ಬೇಕು.

ಶಿಕ್ಷಕಿ: ಇಳಿಯುವಾಗ ಮೋಟಾರೇ ಹಿಡಿದು ಬ್ಯಾಟರಿ ತುಂಬಿಸ್ತದ ಅಂತ ಓದೀನಿ. ಬೆಂಗಳೂರಿನ ರೇವಾ ಕಾರಿನಾಗ ಅದು ಇತ್ತಂತ.

ಮಿಸ್ತ್ರಿ: ಇತ್ತು. 2001ರಾಗ ಮಾರ್ಲಾಕ ಬಂದ ಗಾಡಿ, ಲೆಡ್ ಆಸಿಡ್ ಬ್ಯಾಟರಿ ಮ್ಯಾಲ ಓಡ್ತಿತ್ತು, ನಿಧಾನ ಮಾಡಿದಾಗ ಕರೆಂಟ್ ವಾಪಸ್ ಬ್ಯಾಟರಿಗಿ ಹೋಗ್ತಿತ್ತು. ಈಗಿನ ಬ್ಯಾಟರಿ ರಿಕ್ಷಾದ ಬ್ರಶ್‌ಲೆಸ್ ಮೋಟಾರಿನಾಗೂ ಆ ಸೌಲತ್ತು ಬಂದದ. ಈ ಸಣ್ಣ ಬ್ರಶ್ ಮೋಟಾರಿನ ಕಂಟ್ರೋಲರಿನಾಗ ಸಾಮಾನ್ಯವಾಗಿ ಇರಲ್ಲ. ಇದ್ರೂ ಅದರ ಮ್ಯಾಲ ಭರೋಸ ಇಡ್ಬಾರ್ದು. ಬ್ಯಾಟರಿ ಪೂರಾ ತುಂಬಿದ್ರ ಹೆಚ್ಚಿನ ಕರೆಂಟ್ ಹೋಗ್ಲಾಕ ಜಾಗ ಇಲ್ಲ, ಆವಾಗ ಹಿಡಿತವೂ ಇರಲ್ಲ.

ಶಿಕ್ಷಕಿ: ರಿಕ್ಷಾ ಮಾತು ಬಂತು. ನಮ್ಮ ಮಾವನ ಮಗ ಹೇಳ್ದ, ಹಳೇ ರಿಕ್ಷಾ ಮೋಟಾರ್ ಸಸ್ತಾ ಸಿಗ್ತದ, ಅದನ್ನೇ ಹಾಕು ಅಂತ.

ಮಿಸ್ತ್ರಿ: ಆ ಮೋಟಾರ್ 48 ವೋಲ್ಟ್, ಒಂದು ಸಾವಿರ ವ್ಯಾಟಿನ ಆಸುಪಾಸು. ನಾಲ್ಕೈದು ಜನ ಕುಂತ ಗಾಡಿ ಎಳಿಯೋದು. 75 ಕೆಜಿಗಿ ಅದನ್ನ ಕಟ್ಟಿದ್ರ ಮುಂದಿನ ಚಕ್ರ ಎದ್ದು ನಿಂತಾವು. ಕಬ್ಬಿಣದ ಚೌಕಟ್ಟು, ವೆಲ್ಡಿಂಗ್, ಆಕ್ಸಲ್, ಬೇರಿಂಗ್, ಒಂದೂ ಅದಕ್ಕ ಮಾಡಿದ್ದಲ್ಲ. ಸಸ್ತಾ ಸಿಕ್ಕಿದ್ದು ಬಳಸೋದರಾಗ ತಪ್ಪಿಲ್ಲ, ಅಕ್ಕಾವ್ರೆ. 1956ರಾಗ ಅಮೆರಿಕದ ಕ್ಯಾಲಿಫೋರ್ನಿಯಾದಾಗ ಆರ್ಟ್ ಇಂಗಲ್ಸ್ ಅನ್ನೋರು ಮೊದಲನೇ ಕಾರ್ಟ್ ಮಾಡಿದ್ದೇ ಹುಲ್ಲು ಕತ್ತರಿಸೋ ಯಂತ್ರದ ಎಂಜಿನ್ ಹಾಕಿ. ಈ ಗಾಡಿ ಜಾತಿನೇ ಮಿಸ್ತ್ರಿಗಳ ಕೈಯಾಗ ಹುಟ್ಟಿದ್ದು. ಆದ್ರ ಎಂಜಿನ್ ಸಣ್ಣದಿತ್ತು, ಕುಂತವರು ದೊಡ್ಡವರಿದ್ದರು. ನಾವು ತಿರುವು ಮುರುವು ಮಾಡ್ಬಾರ್ದು.

ಶಿಕ್ಷಕಿ: ಬ್ಯಾಟರಿ ಬದಲಿ ಮಾಡ್ಬೇಕೇನು? ಈಗ 12 ವೋಲ್ಟಿಂದು ಎರಡು, 12 ಆಂಪಿಯರ್ ಅವರ್.

ಮಿಸ್ತ್ರಿ: ಸಧ್ಯಕ್ಕ ನಡೀತದ. ಲೆಡ್ ಆಸಿಡಿನ ತೊಂದ್ರಿ ಏನಂದ್ರ, ಏರಿನಾಗ 25 ಆಂಪಿಯರ್ ಎಳದಾಗ ವೋಲ್ಟ್ ಕುಸೀತದ, ಎಳೆತ ಬೇಕಾದ ಹೊತ್ತಿನಾಗೇ ಕೈ ಕೊಡ್ತದ. ಮುಂದ ಬದಲಿ ಮಾಡುವಾಗ ಲಿಥಿಯಂ ಐರನ್ ಫಾಸ್ಫೇಟ್ ತೊಗೊಳ್ರಿ. ಒಂದು ಸೆಲ್ 3.2 ವೋಲ್ಟ್, ಎಂಟು ಕೂಡ್ಸಿದ್ರ 25.6. ತೂಕ ಅರ್ಧಕ್ಕಿಂತ ಕಡಿಮಿ, ಏರಿನಾಗ ವೋಲ್ಟ್ ಅಷ್ಟು ಬೀಳಲ್ಲ, ಬಿಸಿಗಿ ಬೇರೆ ಲಿಥಿಯಂಗಿಂತ ಗಟ್ಟಿ. ಬ್ಯಾಟರಿ ಕಾಯೋ ಬಿಎಂಎಸ್ ಬೋರ್ಡ್ ಇರ್ಲೇಬೇಕು, ಅದು 30 ಆಂಪಿಯರ್ ತಡೀಬೇಕು. ಚಾರ್ಜರ್ 29.2 ವೋಲ್ಟಿಂದು, ಅದಕ್ಕೇ ಮಾಡಿದ್ದು. ಹಳೇ ಚಾರ್ಜರ್ ಹಚ್ಚಬ್ಯಾಡ್ರಿ. ಹಳೇ ಲ್ಯಾಪ್‌ಟಾಪಿನ ಸೆಲ್ ಕಿತ್ತು ಮಾಡಿದ ಪ್ಯಾಕ್ ಯಾರರೆ ತಂದು ಕೊಟ್ರ ಮನ್ಯಾಗ ಇಟ್ಕೊಳ್ಳಬ್ಯಾಡ್ರಿ.

ಶಿಕ್ಷಕಿ: ಮೇ ತಿಂಗಳ ಬಿಸಿಲಿನಾಗ?

ಮಿಸ್ತ್ರಿ: ನಮ್ಮ ಕಡಿ ಬಿಸಿಲು 40 ದಾಟ್ತದ. ಓಡಿಸಿ ಬಂದ ಬ್ಯಾಟರಿ ಅದಕ್ಕಿಂತ ಬಿಸಿ ಇರ್ತದ. 45 ಡಿಗ್ರಿ ಮ್ಯಾಲ ಲಿಥಿಯಂ ಚಾರ್ಜ್ ಮಾಡ್ಬಾರ್ದು. ನೆರಳಿನಾಗ ಶಹಾಬಾದ್ ಫರ್ಸಿ ಮ್ಯಾಲ ಇಟ್ಟು ತಣ್ಣಗಾಗ್ಲಿಕ್ಕ ಬಿಡ್ರಿ, ಮುಟ್ಟಿ ನೋಡಿ ಆಮ್ಯಾಲ ಹಚ್ರಿ. ಹಾಸಿಗಿ, ಕಟ್ಟಿಗಿ, ಪರದೆ ಹತ್ತಿರ ಬ್ಯಾಡ. ರಾತ್ರಿ ಹಚ್ಚಿ ಮಲಗಬ್ಯಾಡ್ರಿ. ವೈರ್ ಮಾತೂ ಅದೇ. ಈಗ ಒಂದೂವರೆ ಚದರ ಎಂಎಂ ವೈರ್ ಹಾಕ್ಯಾರ. ಹೋಗಿ ಬರೋದು 3 ಮೀಟರ್ ವೈರಿನಾಗ 30 ಆಂಪಿಯರ್ ಹರದ್ರ 33 ವ್ಯಾಟ್ ವೈರಿನಾಗೇ ಬಿಸಿ ಆಗಿ ಹೋಗ್ತದ. 6 ಚದರ ಎಂಎಂ ಹಾಕಿದ್ರ 8 ವ್ಯಾಟ್. ಬ್ಯಾಟರಿ ಪಾಸಿಟಿವ್ ಬಾಯಿಗೇ 40 ಆಂಪಿಯರ್ ಫ್ಯೂಸ್. ಫ್ಯೂಸ್ ದೂರ ಇಟ್ರ ನಡುವಿನ ವೈರಿಗಿ ಕಾವಲು ಇರಲ್ಲ.

ಶಿಕ್ಷಕಿ: ನನಗ ಎಲ್ಲಕ್ಕಿಂತ ಅಂಜಿಕಿ ಅಕಿ ಜಡಿ ಕೂದಲಿಂದು, ಅಣ್ಣಾ. ಉದ್ದ ಅದ.

ಮಿಸ್ತ್ರಿ: ಅಂಜಿಕಿ ಇರ್ಲೇಬೇಕು. 2018ರಾಗ ಹರಿಯಾಣದ ಪಿಂಜೋರಿನಾಗ, 2020ರಾಗ ನಮ್ಮ ಪಕ್ಕದ ಹೈದರಾಬಾದಿನಾಗ, ಗೋ-ಕಾರ್ಟ್ ಚಕ್ರಕ್ಕ ಕೂದಲು ಸಿಕ್ಕಿ ಇಬ್ಬರು ಹೆಣ್ಮಕ್ಕಳು ಜೀವ ಬಿಟ್ರು. ಎರಡೂ ಕಡಿ ದುಡ್ಡು ಕೊಟ್ಟು ಓಡಿಸೋ ಮೈದಾನ. ಆಕ್ಸಲ್ ಸೀಟಿನ ಬೆನ್ನ ಹಿಂದೇ ತಿರುಗ್ತದ, ಕೂದಲು, ಓಢಣಿ ಒಂದು ಸಲ ಸುತ್ತಿದ್ರ ಕೈಗಿ ಬರಲ್ಲ. ಆಕ್ಸಲ್, ಚೈನ್, ಡಿಸ್ಕ್ ಮೂರಕ್ಕೂ ಪೂರಾ ಶೀಟ್ ಹೊದಿಕಿ ಹಾಕ್ತೀನಿ, ಬೆರಳು ತೂರ್ಬಾರ್ದು. ಸೀಟಿನ ಬೆನ್ನು ತಲಿತನಕ ಎತ್ತರ ಮಾಡ್ತೀನಿ. ಜಡಿ ಮ್ಯಾಲ ಕಟ್ಟಿ, ಟೊಪ್ಪಿಗಿ ಒಳಗ ಹಾಕಿ, ಅದರ ಮ್ಯಾಲ ಹೆಲ್ಮೆಟ್. ಓಢಣಿ, ಸಡಿಲ ತೋಳು ಬ್ಯಾಡ. ಜಡಿ ಕಟ್ಟೋತನಕ ಕೀಲಿ ನಿಮ್ಮ ಸೊಂಟದಾಗ ಇರ್ಲಿ.

ಶಿಕ್ಷಕಿ: ಕೂದಲು ಕತ್ತರಿಸು, ಇಲ್ಲಾಂದ್ರ ಗಾಡಿ ತಮ್ಮಗ ಕೊಡು, ಹುಡುಗಿಗ್ಯಾಕ ಇದು ಅಂತ ಮನ್ಯಾಗ ಹೇಳೋರು ಇದ್ದಾರ. ಹೊದಿಕಿ ಹಾಕಿದ್ರ ಮುಗಿಯೋ ಕೆಲಸಕ್ಕ ಹುಡುಗಿನ್ನೇ ಇಳಿಸು ಅಂತಾರ.

ಮಿಸ್ತ್ರಿ: ಗಾಡಿ ಐಬು ಗಾಡ್ಯಾಗ ತಿದ್ದಬೇಕು. ಮಕ್ಕಳನ್ನ ಇಳಿಸಿ ತಿದ್ದೋದು ಮಿಸ್ತ್ರಿಗಿರಿ ಅಲ್ಲ. ಒಂದು ಮಾತು ಮಾತ್ರ ಗಟ್ಟಿ ಹಿಡೀರಿ. ಗಾಡಿ ಕಣ ಬಿಟ್ಟು ಡಾಂಬರ್ ರೋಡಿಗಿ ಬರ್ಬಾರ್ದು. ಅದಕ್ಕ ನಂಬರ್ ಇಲ್ಲ, ಲಾರಿಯವರಿಗಿ ಅಷ್ಟು ಕೆಳಗಿಂದು ಕಾಣೋದೂ ಇಲ್ಲ.

ಶಿಕ್ಷಕಿ: ಅದು ನಮ್ಮ ಶಾಲ್ಯಾಗೂ ಪಾಲಕರ ಸಭೆದಾಗ ಹೇಳ್ತೀವಿ. ಮೋಟಾರು ವಾಹನ ಕಾಯ್ದೆಗಿ 2019ರಾಗ 199ಎ ಕಲಂ ಸೇರ್ಸ್ಯಾರ. 18 ತುಂಬದವರು ರೋಡಿನ ಮ್ಯಾಲ ಗಾಡಿ ಓಡಿಸಿ ಅಪರಾಧ ಆದ್ರ ಪಾಲಕರಿಗಿ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ದಂಡದ ಮಾತಿಗಿಂತ ಕೂಸಿನ ಮಾತು ದೊಡ್ಡದು. ಹೊಲದ ದಾರಿ ರೋಡಿಗಿ ಕೂಡೋ ಕಡಿ ಬೇಲಿ ಗೇಟ್ ಹಾಕಸ್ತೀನಿ.

ಮಿಸ್ತ್ರಿ: ಹಂಗಾದ್ರ ಕೆಲಸದ ಸಾಲು ಬರ್ಕೊಳ್ರಿ. ಮೊದ್ಲು ಡಿಸ್ಕ್ ಬ್ರೇಕ್, ಪೆಡಲ್ ಸ್ವಿಚ್, ಟೈ ರಾಡ್, ಹೊದಿಕಿ. ಆಮ್ಯಾಲ 80ರ ಸ್ಪ್ರಾಕೆಟ್, ದಪ್ಪ ವೈರ್, ಫ್ಯೂಸ್. ಅದರ ಮ್ಯಾಲ ಮೆಲ್ಲಗ ಏರೋ ಕಂಟ್ರೋಲರ್, ಕೆಂಪು ಬಟನ್, ರಿಮೋಟ್. ಕಡಿಗಿ 350ರ ಮೋಟಾರ್. ಸ್ಪ್ರಾಕೆಟ್ ಹಾಕಿದ ಮ್ಯಾಲ ಒಂದು ಸಲ ಏರಿಗಿ ಒಯ್ದು ನೋಡ್ರಿ, ನೀವು ಪಕ್ಕದಾಗ ನಡೀರಿ. ದಾರಿ ಗಟ್ಟಿ ಇದ್ರ ಹಳೇ ಮೋಟಾರೇ ದಾಟಿಸಿಬಿಟ್ರೂ ಬಿಟ್ಟೀತು. ಆವಾಗ ನಿಮ್ಮ ದುಡ್ಡು ಉಳೀತು.

ಶಿಕ್ಷಕಿ: ಒಂದೊಂದು ಹಂತಕ್ಕೂ ಅಕಿಗಿ ಪರೀಕ್ಷೆ ಇಡ್ತೀನಿ. ಕಣದ ಮ್ಯಾಲ ಸುಣ್ಣದ ಎರಡು ಗೆರಿ. ಮೊದಲನೇ ಗೆರಿಗಿ ನಾನು ಕೂಗ್ತೀನಿ, ಎರಡನೇ ಗೆರಿ ದಾಟದಂಗ ನಿಲ್ಲಿಸ್ಬೇಕು. ಒಂದನೇ ಸ್ಪೀಡಿನಾಗ 4 ಮೀಟರ್. ಸತತ ಹತ್ತು ಸಲ ಗೆರಿ ಒಳಗ ನಿಂತ್ರ ಎರಡನೇ ಸ್ಪೀಡಿನ ಕೀಲಿ ತೆಗೀತೀನಿ. ಟೇಪ್ ಹಿಡಿಯೋದು, ಬರೆಯೋದು, ಗ್ರಾಫ್ ಹಾಕೋದು ಅಕಿನೇ. ವೇಗ ಎರಡು ಪಟ್ಟು ಆದಾಗ ದೂರ ಎರಡಕ್ಕಿಂತ ಜಾಸ್ತಿ ಯಾಕಾಯ್ತು ಅಂತ ಅಕಿ ನನ್ನ ಕೇಳ್ಬೇಕು.

ಮಿಸ್ತ್ರಿ: ಏರಿಗೂ ಒಂದು ಪರೀಕ್ಷೆ ಇಡ್ರಿ. ಏರಿನ ನಡುವ ಬೇಕಂತ ನಿಲ್ಲಿಸಿ, ಬ್ರೇಕ್ ಹಿಡ್ಕೊಂಡು, ಹಿಂದಕ್ಕ ಒಂದು ಗೇಣು ಜಾರದಂಗ ಮತ್ತ ಹತ್ತಿಸ್ಬೇಕು. ನೀವು ಬಗಲಾಗ ನಿಲ್ರಿ, ಹಿಂದ ನಿಲ್ಲಬ್ಯಾಡ್ರಿ. ಅದು ಬಂದ್ರ ಗಾಡಿ ಅಕಿ ಕೈಯಾಗ ಬಂತು ಅಂತ ತಿಳೀರಿ. ಹತ್ತೋ ಜೋರು ನಾನು ಕೊಡ್ತೀನಿ, ನಿಲ್ಲೋ ಹತೋಟಿ ಅಕಿ ಗಳಿಸ್ಬೇಕು. ಎರಡೂ ಸೇರಿದ್ರೇ ಅಪ್‌ಗ್ರೇಡ್ ಪೂರಾ ಆದಂಗ.

ಶಿಕ್ಷಕಿ: ಗಾಡಿ ಇಲ್ಲೇ ಬಿಟ್ಟು ಹೋಗ್ಲೇನು?

ಮಿಸ್ತ್ರಿ: ಗಾಡಿ ಬಿಡ್ರಿ, ಭಾನುವಾರ ಮಗಳನ್ನ ಕರ್ಕೊಂಡು ಬರ್ರಿ. ವೆಲ್ಡಿಂಗ್ ನಾನು ಮಾಡ್ತೀನಿ, ಬ್ರೇಕಿನ ಬೋಲ್ಟ್ ಅಕಿ ಬಿಗೀಲಿ. ಪಾನಾ ಅಕಿ ಕೈಗಿ ಸರಿ ಕೂಡೋದು ಹುಡುಕಿ ಇಡ್ತೀನಿ. ಬ್ರೇಕ್ ಹೆಂಗ ಹಿಡೀತದ ಅಂತ ಕೈಯಾರೆ ಬಿಗಿದು ತಿಳಿದಾಕಿ ಅದನ್ನ ಯಾವಾಗ ಒತ್ತಬೇಕು ಅಂತ ಮರಿಯಲ್ಲ.